ಲಕ್ಷ್ಮೀಬಾಯಿ ಟಿಳಕ: ಮನೆಯ ಕಥೆಯನ್ನು ನಗುತ್ತಾ ಹೇಳಿದ ಅಜ್ಜಿ



ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆದುಕೊಡಬೇಕು ಎಂದಾಗ, ನಾನು ಕಮಲಾಬಾಯಿ ಹೊಸಪೇಟ್ ಅವರ ಬಗ್ಗೆಯೇ ಬರೆಯುತ್ತೇನೆ ಅಂತ ಬಹಳ ಜನ ಅಂದುಕೊಂಡಿದ್ದರು. ಹೆಸರಿನಲ್ಲೇ ನಮ್ಮ ಕಡೆಯ ಊರಿದೆ. 1921ರಲ್ಲಿ ನಾಗಪುರದಲ್ಲಿ ಅವರು ಕಟ್ಟಿದ ಮಾತೃ ಸೇವಾ ಸಂಘ ನಮಗೆಲ್ಲ ಗೊತ್ತು. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ನಮ್ಮಲ್ಲಿದ್ದಾರೆ. ನಾನು ಬರೆಯಲು ಹೊರಟಿರುವುದು ನಾಗಪುರದಲ್ಲಿ ಕೆಲವೇ ಕಾಲ ಇದ್ದು ಹೋದ ಇನ್ನೊಬ್ಬರ ಬಗ್ಗೆ. ಸಂಘ ಸಂಸ್ಥೆ ಕಟ್ಟಿದವರಲ್ಲ ಅವರು. ವಯಸ್ಸಾದ ಮೇಲೆ ಕೂತು ತಮ್ಮ ಬಾಲ್ಯ, ಮದುವೆ, ಸಂಸಾರದ ನೆನಪುಗಳನ್ನು ಬರೆದರು, ಅಷ್ಟೆ. ಮರಾಠಿಯವರು ಆ ಪುಸ್ತಕವನ್ನು ಇವತ್ತಿಗೂ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಪುಸ್ತಕದ ಹೆಸರು ಸ್ಮೃತಿಚಿತ್ರೆ, ಅಂದರೆ ನೆನಪಿನ ಚಿತ್ರಗಳು. ಬರೆದವರು ಲಕ್ಷ್ಮೀಬಾಯಿ ಟಿಳಕ.

ನಾನು ಸಾಫ್ಟ್‌ವೇರ್‌ನವಳು, ಎಂಟೆಕ್ ಓದಿದ್ದೇನೆ. ಸಾಹಿತ್ಯಕ್ಕೂ ನನಗೂ ಅಷ್ಟಕ್ಕಷ್ಟೆ. ಈ ಪುಸ್ತಕ ನನ್ನ ಕೈಗೆ ಬಂದದ್ದು ನಮ್ಮ ಅತ್ತೆಯಿಂದ. ಅತ್ತೆಯ ತವರು ಸೊಲ್ಲಾಪುರ. ಅಲ್ಲಿನ ಎಷ್ಟೋ ಮನೆಗಳ ಹಾಗೆ ಅವರ ಮನೆಯಲ್ಲೂ ಮಾತು ಕನ್ನಡ, ಶಾಲೆ ಮರಾಠಿ. ಈ ಪುಸ್ತಕದ ಒಂದು ಭಾಗ ಅವರಿಗೆ ಶಾಲೆಯಲ್ಲಿ ಪಾಠವಾಗಿತ್ತಂತೆ. 2021ರ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ಎರಡನೇ ಅಲೆ, ಹೊರಗೆ ನಾಗಪುರದ ಮೇ ತಿಂಗಳ ಬಿಸಿಲು, ಒಳಗೆ ಹಗಲಿಡೀ ಕೂಲರ್ ಸದ್ದು, ಲ್ಯಾಪ್‌ಟಾಪ್ ಮುಂದೆ ನಾನು. ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ ಮಾಡಿಸಬೇಕೆಂದಿದ್ದು ಕೊರೋನಾದಿಂದ ಮುಂದಕ್ಕೆ ಹೋಗಿತ್ತು. ಟಿವಿಯಲ್ಲಿ ಬರೀ ಸಾವಿನ ಸುದ್ದಿ. ಒಂದು ಸಂಜೆ ಅವರು ಟ್ರಂಕಿನಿಂದ ಈ ಹಳೇ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಅವರಿಗೆ ಅಕ್ಷರ ಕಾಣದು, ನನಗೆ ಹಳೇ ಮರಾಠಿ ಅರ್ಥವಾಗದು. ಹಿಂದಿ ಕಲಿತದ್ದರಿಂದ ಲಿಪಿ ಮಾತ್ರ ಓದಬಲ್ಲೆ. ಹಾಗಾಗಿ ನಾನು ಜೋರಾಗಿ ಓದುವುದು, ಅತ್ತೆ ಅದನ್ನು ಕನ್ನಡದಲ್ಲಿ ಹೇಳುವುದು ಅಂತ ಒಪ್ಪಂದವಾಯಿತು. ಇಬ್ಬರೂ ಸೇರಿ ಒಬ್ಬ ಓದುಗಳಾದೆವು ಅನ್ನಿ.

ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ, ನಾಸಿಕದ ಹತ್ತಿರದ ಜಲಾಲಪುರ ಎಂಬ ಹಳ್ಳಿಯಲ್ಲಿ. ತವರಿನ ಹೆಸರು ಮಣಕರ್ಣಿಕಾ, ಗೋಖಲೆಯವರ ಮನೆ ಮಗಳು. ಕಥೆ ಶುರುವಾಗುವುದೇ ಒಂದು ದುರಂತದಿಂದ. 1857ರ ದಂಗೆಯ ಸಮಯದಲ್ಲಿ ಅವರ ತಾಯಿಯ ತಂದೆಯನ್ನು ಬ್ರಿಟಿಷರು ಗಲ್ಲಿಗೇರಿಸಿದ್ದರು. ಆ ಆಘಾತ ಲಕ್ಷ್ಮೀಬಾಯಿಯ ತಂದೆಯ ತಲೆಗೆ ಹತ್ತಿ, ಮಡಿಯ ಗೀಳಾಗಿ ನಿಂತುಬಿಟ್ಟಿತು. ನಮ್ಮ ಅಜ್ಜಿಯಂದಿರ ಮಡಿಯನ್ನು ನಾವೂ ನೋಡಿದ್ದೇವೆ. ಒದ್ದೆ ಸೀರೆ, ಕೋಲಿನಲ್ಲಿ ಬಟ್ಟೆ ಎತ್ತುವುದು, ಮುಟ್ಟಿದರೆ ಮತ್ತೆ ಸ್ನಾನ. ಈ ಅಪ್ಪನ ಮಡಿ ಅದನ್ನೂ ಮೀರಿದ್ದು. ಹೊರಗಿನಿಂದ ಬಂದ ಪ್ರತಿಯೊಂದು ವಸ್ತುವನ್ನೂ ತೊಳೆಯಬೇಕು. ಉಪ್ಪು, ಸಕ್ಕರೆಗೂ ವಿನಾಯಿತಿ ಇಲ್ಲ. ಸಕ್ಕರೆ ತೊಳೆದರೆ ಉಳಿಯುವುದೇನು? ಇಲ್ಲಿಗೆ ಬಂದಾಗ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನಿಧಾನವಾಗಿ, ಆ ಮನೆಯಲ್ಲಿ ನೀರು ಹೊತ್ತವರು ಯಾರು ಯೋಚಿಸು ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಮನೆಯ ಹೆಂಗಸರು ಆ ಗೀಳಿನಲ್ಲಿ ಬೆಂದು ಹೋಗಿದ್ದರು. ಲಕ್ಷ್ಮೀಬಾಯಿ ಅದನ್ನು ಮುಚ್ಚಿಡುವುದಿಲ್ಲ, ಹಾಗಂತ ಅಪ್ಪನನ್ನು ದೂರುತ್ತಲೂ ಕೂರುವುದಿಲ್ಲ. ಆ ಮನುಷ್ಯನೂ ಒಂದು ಪೆಟ್ಟು ತಿಂದವನೇ ಎಂಬುದನ್ನು ಮೊದಲು ಹೇಳಿ, ಆಮೇಲೆ ನಗುತ್ತಾರೆ.

ಹನ್ನೊಂದು ವರ್ಷ ಆಗುವ ಹೊತ್ತಿಗೆ ಮದುವೆ. ವರ ನಾರಾಯಣ ವಾಮನ ಟಿಳಕ, ಏಳು ವರ್ಷ ದೊಡ್ಡವರು. ಲೋಕಮಾನ್ಯ ಟಿಳಕರಲ್ಲ, ಇವರು ಬೇರೆ. ಮುಂದೆ ಹೂವುಗಳ, ಮಕ್ಕಳ ಕವಿ ಎಂದು ಮರಾಠಿಯಲ್ಲಿ ಹೆಸರಾದವರು. ಮಣಕರ್ಣಿಕಾ ಹೋಗಿ ಲಕ್ಷ್ಮಿ ಆಯಿತು. ಅತ್ತೆ ಎನ್ನುವವರು ಆ ಮನೆಯಲ್ಲಿರಲಿಲ್ಲ, ಗಂಡ ಹುಡುಗನಾಗಿದ್ದಾಗಲೇ ತೀರಿಹೋಗಿದ್ದರು. ಇದ್ದದ್ದು ಮಾವ. ಹೆಂಗಸರ ಮೇಲೆ ದಯೆ ಇಲ್ಲದ, ಎಳೆಯ ಸೊಸೆಯನ್ನು ಪರೀಕ್ಷೆ ಮಾಡುತ್ತಲೇ ಇದ್ದ ಕಠಿಣ ಮನುಷ್ಯ. ಬೈಗುಳ, ಹಸಿವು, ಭಯ ಎಲ್ಲವನ್ನೂ ಲಕ್ಷ್ಮೀಬಾಯಿ ಬರೆದಿದ್ದಾರೆ. ಓದುತ್ತಾ ನನಗೆ ರೇಗಿಹೋಗುತ್ತಿತ್ತು. ಅತ್ತೆ ಮಾತ್ರ ಸೊಲ್ಲಾಪುರದ ಕನ್ನಡದಲ್ಲಿ ತಣ್ಣಗೆ ಅರ್ಥ ಹೇಳುತ್ತಾ ಹೋಗುತ್ತಿದ್ದರು.

ಇನ್ನು ಗಂಡನ ಕಥೆ. ಟಿಳಕರು ಪ್ರತಿಭಾವಂತರು, ಸಂಸ್ಕೃತ ಬಲ್ಲವರು, ಒಳ್ಳೆಯ ಮಾತುಗಾರರು. ಆದರೆ ಒಂದು ಕಡೆ ನಿಲ್ಲುವ ಮನುಷ್ಯನಲ್ಲ. ಒಂದು ಊರಿನಲ್ಲಿ ಮೇಷ್ಟರ ಕೆಲಸ, ಮುಂದಿನ ಸಲ ನೋಡಿದರೆ ಇನ್ನೊಂದು ಊರು. ಹೇಳದೆ ಕೇಳದೆ ಮನೆಯಿಂದ ಹೋದರೆ ವಾರಗಟ್ಟಲೆ ಸುದ್ದಿ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಎದುರು ಸಿಕ್ಕವರಿಗೆ ಕೊಟ್ಟು ಬರುವುದು. ಸಿಟ್ಟು ಮೂಗಿನ ಮೇಲೆ, ಮರುಗಳಿಗೆ ಮಗುವಿನಂಥ ಪ್ರೀತಿ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತಿರಲಿಲ್ಲ, ಕವಿತೆ ಮಾತ್ರ ಸಿದ್ಧವಾಗಿರುತ್ತಿತ್ತು. ಇಂಥವರ ಜೊತೆ ನಾನಾಗಿದ್ದರೆ ಒಂದು ತಿಂಗಳೂ ಬಾಳುತ್ತಿರಲಿಲ್ಲ ಅಂತ ಅತ್ತೆಯ ಮುಂದೆ ಹೇಳಿಯೇ ಬಿಟ್ಟೆ. ಆ ಕಾಲದಲ್ಲಿ ಹೋಗುವುದಾದರೂ ಎಲ್ಲಿಗೆ ಎಂದರು ಅತ್ತೆ. ಅಷ್ಟೇ ಅಲ್ಲ, ಅವಳಿಗೆ ಅವನ ಮೇಲೆ ಪ್ರೀತಿಯೂ ಇತ್ತಲ್ಲ ಎಂದರು. ಅದು ನಿಜ. ಪುಸ್ತಕದ ತುಂಬ ಇವರಿಬ್ಬರ ಜಗಳಗಳಿವೆ, ಆದರೆ ಗಂಡನನ್ನು ಲಕ್ಷ್ಮೀಬಾಯಿಯಷ್ಟು ಸೊಗಸಾಗಿ ಗೇಲಿ ಮಾಡಬೇಕಾದರೆ ಅವನನ್ನು ಅಷ್ಟೇ ಚೆನ್ನಾಗಿ ಅರಿತಿರಬೇಕು.

ಓದು ಬರಹ ಕಲಿಸಿದ್ದೂ ಆ ಗಂಡನೇ. ಶಾಲೆಯ ಮುಖ ನೋಡಿರದ ಹುಡುಗಿ ಮನೆಯಲ್ಲೇ ಅಕ್ಷರ ಕಲಿತರು. ಗುರುವಿಗೆ ತಾಳ್ಮೆ ಇಲ್ಲ, ಶಿಷ್ಯೆಗೆ ಮನೆಗೆಲಸದಿಂದ ಬಿಡುವಿಲ್ಲ, ಪಾಠ ಎಲ್ಲಿಗೆ ಮುಟ್ಟಿರಬಹುದು ನೀವೇ ಊಹಿಸಿ. ಒತ್ತಕ್ಷರ ಬರೆಯುವುದು ಅವರಿಗೆ ಕೊನೆಯವರೆಗೂ ತೊಡಕಾಗಿಯೇ ಉಳಿಯಿತು. ಮರಾಠಿಯ ಬಹು ದೊಡ್ಡ ಆತ್ಮಕಥೆ ಬರೆದವರಿಗೆ ಒತ್ತಕ್ಷರ ಬರುತ್ತಿರಲಿಲ್ಲ ಎಂಬುದನ್ನು ನನ್ನ ಮಗಳಿಗೆ ಹೇಳಿದಾಗಿನಿಂದ ಕನ್ನಡ ಬರೆಯುವಾಗ ಅವಳ ಧೈರ್ಯ ಸ್ವಲ್ಪ ಹೆಚ್ಚಾಗಿದೆ!

ಈ ಅಲೆದಾಟದಲ್ಲಿ 1891ರ ಸುಮಾರಿಗೆ ಟಿಳಕರು ನಾಗಪುರಕ್ಕೆ ಬಂದರು. ಇಲ್ಲಿನ ಶ್ರೀಮಂತ ಬುಟಿ ಮನೆತನದ ಹೆಸರು ಕೇಳಿರುತ್ತೀರಿ. ಆ ಮನೆತನದ ಅಪ್ಪಾಸಾಹೇಬ ಬುಟಿಯವರ ಆಶ್ರಯದಲ್ಲಿ ಸಂಸ್ಕೃತ ಗ್ರಂಥಗಳ ಕೆಲಸ. ಋಷಿ ಎಂಬ ಪತ್ರಿಕೆಯನ್ನೂ ಟಿಳಕರು ನಡೆಸಿದರು. ನಮ್ಮ ಹಾಗೆಯೇ ಗಂಡನ ಕೆಲಸದ ಹಿಂದೆ, ತವರನ್ನು ಬಿಟ್ಟು, ದೂರದ ಊರಿಗೆ ಬಂದವರು ಲಕ್ಷ್ಮೀಬಾಯಿ. ನಾಸಿಕದಿಂದ ನಾಗಪುರ ಇವತ್ತಿಗೂ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಹೊಸ ಊರಿನಲ್ಲಿ ಸಂಸಾರ ಹೂಡುವುದು ಏನೆಂದು ನಮ್ಮ ವೇದಿಕೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ನಾಗಪುರದ ನಂತರ ಟಿಳಕರಿಗೆ ರಾಜನಾಂದಗಾಂವ್ ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ರೈಲಿನಲ್ಲಿಯೇ ಅವರ ಬದುಕು ತಿರುಗಿದ್ದು. ಡಬ್ಬಿಯಲ್ಲಿ ಜೊತೆಗಿದ್ದ ಒಬ್ಬ ವಿದೇಶಿ ಪ್ರಯಾಣಿಕರು ಮಾತಿಗಿಳಿದು, ಕವಿತೆಯ ಮಾತು ದೇವರ ಮಾತಾಗಿ, ಇಳಿಯುವ ಮುಂಚೆ ಕೈಗೊಂದು ಬೈಬಲ್ ಕೊಟ್ಟರು. ಎರಡು ವರ್ಷದೊಳಗೆ ನೀನು ಕ್ರೈಸ್ತನಾಗುತ್ತೀಯ ಎಂದೂ ಹೇಳಿದರಂತೆ. ಗೊಂದಿಯಾ, ಡೊಂಗರ್‌ಗಢ ದಾಟಿ ಹೋಗುವ ಇದೇ ಲೈನಿನಲ್ಲಿ ನಾನು ಆಫೀಸಿನ ಕೆಲಸಕ್ಕೆ ರಾಯಪುರಕ್ಕೆ ಹೋಗುತ್ತಿರುತ್ತೇನೆ. ಈಗೀಗ ಎದುರಿನ ಸೀಟಿನವರು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ರಾಜನಾಂದಗಾಂವ್ ಬೋರ್ಡು ಕಂಡಾಗಲೆಲ್ಲ ಟಿಳಕರಿಗಿಂತ ನನಗೆ ಲಕ್ಷ್ಮೀಬಾಯಿಯೇ ನೆನಪಾಗುತ್ತಾರೆ. ಗಂಡ ಆ ಪ್ರಯಾಣದಿಂದ ಏನು ಹೊತ್ತು ತಂದರು ಎಂಬುದು ಅವರಿಗೆ ಆಗ ಗೊತ್ತೇ ಇರಲಿಲ್ಲ.

1895ರ ಫೆಬ್ರವರಿ 10ರಂದು ಟಿಳಕರು ಮುಂಬಯಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹೆಂಡತಿಗೆ ಮೊದಲೇ ಹೇಳಲಿಲ್ಲ. ಸುದ್ದಿ ಮುಟ್ಟಿದಾಗ ಲಕ್ಷ್ಮೀಬಾಯಿ ತಮ್ಮವರ ಮನೆಯಲ್ಲಿದ್ದರು, ಮಡಿಲಲ್ಲಿ ಪುಟ್ಟ ಮಗ ದತ್ತು. ಆ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಗಂಡ ಬದುಕಿದ್ದಾನೆ, ಆದರೆ ಜಾತಿಯವರ ಲೆಕ್ಕದಲ್ಲಿ ಇಲ್ಲ. ಅವಳು ವಿಧವೆಯೂ ಅಲ್ಲ, ಮುತ್ತೈದೆ ಎನ್ನಲೂ ಜನಕ್ಕೆ ಹಿಂಜರಿಕೆ. ಅಕ್ಕ ಭಾವ ಜೊತೆಗೆ ನಿಂತರು. ಲಕ್ಷ್ಮೀಬಾಯಿ ಹುಚ್ಚಿಯಂತಾದರು, ಕಾಯಿಲೆ ಬಿದ್ದರು. ಕೆಲಕಾಲ ಪಂಢರಪುರದಲ್ಲಿದ್ದರು. ಸೊಲ್ಲಾಪುರದಿಂದ ಪಂಢರಪುರ ಹತ್ತಿರವೇ. ಅತ್ತೆಯ ತವರಿನವರು ಆಷಾಢಕ್ಕೆ ತಪ್ಪದೆ ಹೋಗುತ್ತಿದ್ದ ಊರು. ಚಂದ್ರಭಾಗೆಯ ದಂಡೆ, ಘಾಟು, ವಿಠ್ಠಲನ ಗುಡಿಯ ಓಣಿ ಎಲ್ಲವೂ ಅತ್ತೆಗೆ ಕಣ್ಣಿಗೆ ಕಟ್ಟಿದಂತಿತ್ತು. ಹಾಗಾಗಿ ಈ ಅಧ್ಯಾಯದಲ್ಲಿ ಪುಸ್ತಕದಲ್ಲಿ ಇದ್ದದ್ದೆಷ್ಟು, ಅತ್ತೆ ಸೇರಿಸಿದ್ದೆಷ್ಟು ಎಂದು ನನಗೆ ಬೇರೆ ಮಾಡಲು ಬರುವುದಿಲ್ಲ. ಗಂಡ ಹೆಂಡತಿ ಬೇರೆಯಾಗಿದ್ದ ಈ ನಾಲ್ಕೈದು ವರ್ಷಗಳಲ್ಲೇ ಲಕ್ಷ್ಮೀಬಾಯಿ ದುಃಖ ತಡೆಯಲಾಗದೆ ಪದ ಕಟ್ಟತೊಡಗಿದರು.

ಕೊನೆಗೆ ಅವರೇ ತೀರ್ಮಾನಿಸಿ ಅಹಮದ್‌ನಗರಕ್ಕೆ, ಗಂಡನ ಬಳಿಗೆ ಹೋದರು. ಧರ್ಮ ಬಿಡಲಿಲ್ಲ. ಬೇರೆ ಅಡುಗೆ, ಬೇರೆ ನೀರು, ತಮ್ಮ ಮಡಿ ತಮಗೆ. ಒಂದೇ ಸೂರಿನಡಿ ಎರಡು ಮನೆ. ಟಿಳಕರೂ ಈ ಏರ್ಪಾಟಿಗೆ ಒಪ್ಪಿಕೊಂಡರು, ಅವರ ಪಾಲಿನ ಪುಣ್ಯದಲ್ಲಿ ಇದನ್ನೂ ಬರೆಯಬೇಕು. ಲಕ್ಷ್ಮೀಬಾಯಿ ಬದಲಾದದ್ದು ನಿಧಾನವಾಗಿ, ತಮ್ಮದೇ ಬುದ್ಧಿಯಿಂದ. ಜಾತಿ ಮಾಡಿದ್ದು ದೇವರೋ ಮನುಷ್ಯರೋ ಎಂದು ಒಬ್ಬರೇ ಕೂತು ಯೋಚಿಸಿ, ಮನುಷ್ಯರೇ ಎಂದು ಮನಸ್ಸು ಗಟ್ಟಿಯಾದ ಮೇಲೆ ಯಾರ ಕೈಯ ನೀರಾದರೂ ಕುಡಿದರು. ಉಪ್ಪು ತೊಳೆಯುತ್ತಿದ್ದ ಅಪ್ಪನ ಮಗಳು! ಧರ್ಮದ ಮಾತು ಅದಾದ ಮೇಲಿನದು. 1900ರಲ್ಲಿ ಅವರೂ ಕ್ರೈಸ್ತರಾದರು. ಅದು ಅವರ ನಂಬಿಕೆಯ ವಿಷಯ, ನಾನೇನೂ ಹೇಳುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು, ಗಂಡ ಹೋದ ದಾರಿ ಎಂದು ಅವರು ಕಣ್ಣು ಮುಚ್ಚಿ ಹಿಂದೆ ಹೋಗಲಿಲ್ಲ ಎನ್ನುವುದು.

ಮುಂದಿನ ಅವರ ಸಂಸಾರ ದೊಡ್ಡ ಛತ್ರದ ಹಾಗೆ. ಬರಗಾಲ, ಪ್ಲೇಗು ಒಂದರ ಹಿಂದೊಂದು. ಅನಾಥ ಮಕ್ಕಳನ್ನು ಟಿಳಕರು ಮನೆಗೆ ಕರೆತರುವುದು, ಇವರು ಸಾಕುವುದು. ನರ್ಸಿಂಗ್ ಕಲಿಯಲು ಹೋದದ್ದು, ಪ್ಲೇಗಿನ ಕ್ಯಾಂಪಿನಲ್ಲಿ ರೋಗಿಗಳ ಸೇವೆ ಮಾಡಿದ್ದು ಎಲ್ಲವೂ ಬರುತ್ತದೆ. ಮುಂದೆ ಮರಾಠಿಯ ದೊಡ್ಡ ಕವಿಯಾದ ಬಾಲಕವಿ ಠೋಂಬರೆ ಹುಡುಗನಾಗಿದ್ದಾಗ ಇವರ ಮನೆಯಲ್ಲೇ ಮಗನಂತೆ ಇದ್ದವರು. 1918ರಲ್ಲಿ ರೈಲಿಗೆ ಸಿಕ್ಕಿ ತೀರಿಕೊಂಡರು, ಇನ್ನೂ ಮೂವತ್ತೂ ಆಗಿರಲಿಲ್ಲ. ಮರುವರ್ಷ, 1919ರ ಮೇ ತಿಂಗಳಲ್ಲಿ, ಟಿಳಕರೂ ಹೋದರು.

ಮಕ್ಕಳ ವಿಷಯ ನಾನು ಬೇಕೆಂದೇ ಹಿಂದೆ ಉಳಿಸಿಕೊಂಡೆ. ದತ್ತುವಿಗೆ ಮುಂಚೆ ಲಕ್ಷ್ಮೀಬಾಯಿ ಎಳೆಯ ಮಕ್ಕಳನ್ನು ಕಳೆದುಕೊಂಡಿದ್ದರು. ಆ ಪುಟ ಬಂದ ಸಂಜೆ ನಾನು ಎರಡು ವಾಕ್ಯ ಓದಿ ನಿಲ್ಲಿಸಿದೆ, ಅತ್ತೆಯಿಂದ ಕನ್ನಡ ಬರಲಿಲ್ಲ. ಕೂಲರ್ ಸದ್ದಿಗೆ ಕೇಳಿಸಿಲ್ಲವೇನೋ ಅಂತ ಮತ್ತೆ ಓದಿದೆ. ಮುಂದಿನ ಪುಟಕ್ಕೆ ಹೋಗು ಅಂದರು. ರಾತ್ರಿ ನನ್ನ ಯಜಮಾನರನ್ನು ಕೇಳಿದೆ. ಅವರಿಗಿಂತ ಮುಂಚೆ ಒಂದು ಹೆಣ್ಣುಮಗು ಇತ್ತಂತೆ. ಎರಡು ವರ್ಷ ತುಂಬುವ ಮುಂಚೆ ದಡಾರದಲ್ಲಿ ಹೋಯಿತಂತೆ. ಅವರಿಗೂ ಅಷ್ಟೇ ಗೊತ್ತು. ಮದುವೆಯಾಗಿ ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅಷ್ಟೂ ಗೊತ್ತಿರಲಿಲ್ಲ. ಅತ್ತೆ ಬಾಲ್ಯದ ಮಾತು ಎಷ್ಟು ಬೇಕಾದರೂ ಆಡುತ್ತಾರೆ. ಶೇಂಗಾ ಚಟ್ನಿ ಕುಟ್ಟುವುದು, ಸಿದ್ಧೇಶ್ವರ ಜಾತ್ರೆಯ ನಂದಿಕೋಲು, ಅಪ್ಪನ ಸೈಕಲ್ ಮುಂದಿನ ಕಂಬಿಯ ಮೇಲೆ ಕೂತು ಶಾಲೆಗೆ ಹೋದದ್ದು. ನಾವೂ ಅವನ್ನೇ ಕೇಳಿ ಕೇಳಿ, ಅತ್ತೆಯ ನೆನಪುಗಳೆಂದರೆ ಇಷ್ಟೇ ಅಂದುಕೊಂಡಿದ್ದೆವು.

ಗಂಡ ಹೋದ ಮೇಲೆ ಲಕ್ಷ್ಮೀಬಾಯಿ ಸುಮ್ಮನೆ ಕೂರಲಿಲ್ಲ. ಮುಂಬಯಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದರು. ಮಗನ ಸಂಸಾರದ ಜೊತೆ ಕರಾಚಿಯಲ್ಲೂ ಇದ್ದರು, ಹೊಸ ಊರು, ಹೊಸ ಭಾಷೆ ಮತ್ತೊಮ್ಮೆ. ಟಿಳಕರು ಕ್ರಿಸ್ತಾಯನ ಎಂಬ ಮಹಾಕಾವ್ಯವನ್ನು ಹತ್ತು ಚಿಲ್ಲರೆ ಅಧ್ಯಾಯಕ್ಕೇ ನಿಲ್ಲಿಸಿ ಹೋಗಿದ್ದರು. ಒತ್ತಕ್ಷರ ಬಾರದ ಹೆಂಡತಿ ಅದಕ್ಕೆ 64 ಅಧ್ಯಾಯ ಸೇರಿಸಿ ಮುಗಿಸಿದರು. ಗಂಡ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಹೆಂಡತಿ ಮುಗಿಸುವುದು ಹೊಸದಲ್ಲ ಬಿಡಿ, ಆದರೆ ಇದು ಸ್ವಲ್ಪ ದೊಡ್ಡದು.

ಸ್ಮೃತಿಚಿತ್ರೆ ಹುಟ್ಟಿದ್ದು ಮಗ ದೇವದತ್ತನಿಂದ, ಅಂದರೆ ಅದೇ ದತ್ತುವಿನಿಂದ. ಅವನಿಗೆ ತಂದೆಯ ಚರಿತ್ರೆ ಬರೆಯಬೇಕಿತ್ತು, ಅದಕ್ಕೆ ನೆನಪಿರುವುದನ್ನು ಬರೆದುಕೊಡು ಎಂದು ತಾಯಿಯ ಬೆನ್ನು ಹತ್ತಿದ. ತಾಯಿ ಬರೆಯುತ್ತಾ ಹೋದ ಹಾಗೆ ಅದು ತಂದೆಯ ಚರಿತ್ರೆಯಾಗಿ ಉಳಿಯಲಿಲ್ಲ. ಸಂಜೀವನಿ ಎಂಬ ವಾರಪತ್ರಿಕೆಯಲ್ಲಿ ಬಂತು, 1934ರಿಂದ ಭಾಗ ಭಾಗವಾಗಿ ಪುಸ್ತಕವಾಯಿತು. ಒಟ್ಟು ನಾಲ್ಕು ಭಾಗ. ಜನ ಮುಗಿಬಿದ್ದು ಓದಿದರು. ಭಾಷೆ ಹೇಗಿದೆಯೆಂದರೆ, ಅಂಗಳದಲ್ಲಿ ಕಾಳು ಹಸನು ಮಾಡುತ್ತಾ ಪಕ್ಕದ ಮನೆಯವರ ಜೊತೆ ಆಡುವ ಮಾತಿನ ಹಾಗಿದೆ. ನನ್ನಂಥ ಮರಾಠಿ ಬಾರದವಳಿಗೂ ನಾಲ್ಕು ವಾರ ಕೇಳಿದ ಮೇಲೆ ಅರ್ಧಕ್ಕರ್ಧ ನೇರವಾಗಿ ತಿಳಿಯತೊಡಗಿತು. ಕೊನೆಯ ಭಾಗ ಅಚ್ಚಾಗಿ ಬರುವುದನ್ನು ಅವರು ನೋಡಲಿಲ್ಲ. 1936ರ ಫೆಬ್ರವರಿಯಲ್ಲಿ ನಾಸಿಕದಲ್ಲಿ ತೀರಿಕೊಂಡರು. ಕವಿತೆಗಳೂ ಆಮೇಲೆ ಸಂಕಲನವಾಗಿ ಬಂದವು. ಅದರ ಹೆಸರು ಭರಲೀ ಘಾಗರ, ನಮ್ಮಲ್ಲಿ ಹೇಳುವುದಾದರೆ ತುಂಬಿದ ಕೊಡ.

ಮರಾಠಿ ಓದಲು ಬಾರದವರು ಶಾಂತಾ ಗೋಖಲೆಯವರು ಮಾಡಿರುವ ಇಂಗ್ಲಿಷ್ ಅನುವಾದವನ್ನು ಓದಬಹುದು. ವಿಜಯಾ ಮೆಹ್ತಾ 1982ರಲ್ಲಿ ಇದನ್ನು ಚಿತ್ರವಾಗಿಯೂ ಮಾಡಿದ್ದಾರೆ, ಸುಹಾಸ್ ಜೋಶಿ ಲಕ್ಷ್ಮೀಬಾಯಿಯಾಗಿದ್ದಾರೆ. ಆದರೆ ಮನೆಯಲ್ಲಿ ಮರಾಠಿ ಬಲ್ಲ ಹಿರಿಯರಿದ್ದರೆ ದಯವಿಟ್ಟು ಅವರ ಬಾಯಿಂದಲೇ ಕೇಳಿ.

ಆ ವರ್ಷ ದೀಪಾವಳಿಯ ನಂತರ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಕಣ್ಣು ಸರಿಹೋದ ಮೇಲೆ ಪುಸ್ತಕದ ಕೊನೆಯ ಭಾಗವನ್ನು ತಾವೇ ಓದಿಕೊಂಡರು, ನನಗೆ ಕೆಲಸವಿಲ್ಲದಂತಾಯಿತು. ಆಮೇಲೆ ಒಂದು ದಿನ ಮೊಮ್ಮಗಳ ಹತ್ತಿರ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಕೇಳಿ ಇಸಿದುಕೊಂಡರು. ನನ್ನದೇನು ಇದೆ ಬರೆಯೋಕೆ ಅಂತ ಹಿಂದೆ ಎಷ್ಟೋ ಸಲ ಮಾತು ಮುಗಿಸಿದವರು ಈಗ ಮಧ್ಯಾಹ್ನದ ಹೊತ್ತು ಬರೆಯುತ್ತಾರೆ. ಭಾಷೆ ಕನ್ನಡ, ಸೊಲ್ಲಾಪುರದ ಮನೆಮಾತು. ಲಿಪಿ ಮಾತ್ರ ದೇವನಾಗರಿ, ಏಕೆಂದರೆ ಕನ್ನಡ ಅಕ್ಷರವನ್ನು ಅವರು ಕಲಿತಿಲ್ಲ. ಆ ಲಿಪಿಯಲ್ಲಿ ಎ, ಏ ಎರಡೂ ಒಂದೇ. ಹೊಲದಲ್ಲಿ ಬೆಳೆ ಒಣಗಿತು ಎಂದು ಅವರು ಬರೆದದ್ದನ್ನು ನಾನು ಬೇಳೆ ಒಣಗಿತು ಎಂದು ಓದಿ ಮನೆಯವರನ್ನೆಲ್ಲ ನಗಿಸಿದ್ದೇನೆ. ಭಾನುವಾರಗಳಂದು ನಾನು ಅದನ್ನು ಕನ್ನಡ ಲಿಪಿಗೆ ಟೈಪ್ ಮಾಡುತ್ತಿದ್ದೇನೆ. ಸಂಶಯ ಬಂದಲ್ಲಿ ಅವರನ್ನೇ ಕೇಳುತ್ತೇನೆ.

ಇಲ್ಲಿಯವರೆಗೆ ಎಪ್ಪತ್ತು ಪುಟ ಆಗಿದೆ. ಜಾತ್ರೆ, ಸೈಕಲ್, ಶಾಲೆ, ಮದುವೆ, ನಾಗಪುರಕ್ಕೆ ಬಂದದ್ದು. ಮದುವೆಗೂ ನಾಗಪುರಕ್ಕೂ ನಡುವೆ ಮೂರು ಹಾಳೆ ಖಾಲಿ ಇವೆ. ಮರೆತು ಬಿಟ್ಟಿರಬೇಕೆಂದು ಕೇಳಿದೆ. ಮರೆತಿಲ್ಲ, ಅಲ್ಲಿ ಬರೆಯುವುದಿದೆ, ಮುಂದಿನದನ್ನು ಮೊದಲು ಮುಗಿಸುತ್ತೇನೆ ಅಂದರು.